ಮುದ್ದುಕೃಷ್ಣನ ವಿಳಾಸ

“ದೇವರಾಣೆ ಮೇಡಂ, ನಾನು ಯಾರಿಗೂ ಎಂತದ್ದೂ ಕಳಿಸಲಿಲ್ಲ.”

ವಸಂತಿ ಆಣೆ ಹಾಕಿದ್ದು ನನ್ನ ಮುಖ ನೋಡಿ. ಪಕ್ಕದಲ್ಲೇ ಕೂತಿದ್ದ ಶ್ರಾವ್ಯಾಳ ಕಡೆ ಅವರ ಕಣ್ಣು ಹೊರಳಲೇ ಇಲ್ಲ. ಶ್ರಾವ್ಯಾ ಅವರ ಅಕ್ಕನ ಮಗಳು. ಹೆತ್ತ ತಾಯಿ ತೀರಿಕೊಂಡ ಮೇಲೆ ಮುಂಬಯಿಯ ಕುರ್ಲಾದ ಇದೇ ಚಾಳಿನ ಒಂಟಿ ಕೋಣೆಯಲ್ಲಿ, ಇದೇ ಮಂಚದ ಮೇಲೆ ಅವಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಬೆಳೆಸಿದ ಚಿಕ್ಕಮ್ಮ. ಅಂಥವರನ್ನು ಕಳ್ಳರ ಹಾಗೆ ಕೂರಿಸಿ ಪ್ರಶ್ನೆ ಕೇಳುವುದು ನನಗೂ ಹಿತವಾಗಿರಲಿಲ್ಲ.

ಆದರೆ ಕೇಳಲೇಬೇಕಿತ್ತು. ಎಂಟು ತಿಂಗಳಿಂದ ಗಂಡನಿಂದ ತಪ್ಪಿಸಿಕೊಂಡು ವಡಾಲದಲ್ಲಿ ಮಗಳೊಂದಿಗೆ ಅಡಗಿದ್ದ ಶ್ರಾವ್ಯಾಳ ಬಾಗಿಲಿಗೆ, ಕಳೆದ ವಾರ ಆ ಗಂಡ ಹಿತೇಶನೇ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದು ನಿಂತಿದ್ದ.

ಅವಳ ಮಣಿಕಟ್ಟು ಮುರಿದವನು ಅವನು. ಮೂರು ವರ್ಷದ ಮಗಳು ಇಂಚರಾಳ ಪಾಸ್‌ಪೋರ್ಟು ಅವನ ಕಪಾಟಿನಲ್ಲಿದೆ. ದುಬೈಯಲ್ಲಿ ಕೆಲಸವೂ ಸಿಕ್ಕಿದೆ. “ಮಗು ಒಮ್ಮೆ ನನ್ನ ಕೈಗೆ ಸಿಗಲಿ, ಮತ್ತೆ ನೀನು ಅದನ್ನು ಫೋಟೋದಲ್ಲೇ ನೋಡಬೇಕು” ಎಂದು ಬಾಗಿಲ ಸಂದಿಯಿಂದ ನಗುನಗುತ್ತಲೇ ಹೇಳಿ ಹೋಗಿದ್ದ. ಆ ಪಾಸ್‌ಪೋರ್ಟನ್ನು ಕೋರ್ಟಿಗೆ ಒಪ್ಪಿಸಬೇಕೆಂಬ ನಮ್ಮ ಅರ್ಜಿ ಸೋಮವಾರ ವಿಚಾರಣೆಗೆ ಬರಲಿತ್ತು. ಇಂದು ಶುಕ್ರವಾರ.

ವಡಾಲದ ವಿಳಾಸ ಗೊತ್ತಿದ್ದದ್ದು ಶ್ರಾವ್ಯಾಳಿಗೆ, ಅವಳ ವಕೀಲೆಗೆ, ಮತ್ತು ಆ ಮನೆ ಹುಡುಕಿಕೊಟ್ಟ ಪತ್ತೇದಾರಿ ವೈಶಾಲಿ ಎಂಬ ನನಗೆ. ಚಿಕ್ಕಮ್ಮನಿಗೂ ಹೇಳಿರಲಿಲ್ಲ, ಒಡಹುಟ್ಟಿದ ಅಣ್ಣ ಧನರಾಜ್ ಅವರಿಗೂ ಹೇಳಿರಲಿಲ್ಲ. ಗೊತ್ತಿಲ್ಲದವರು ಬಾಯಿ ಬಿಡಲಾರರು ಎಂದು ನಾನು ಬೀಗಿದ್ದೆ. ವಾಚ್‌ಮನ್ನನ್ನು ಅನುಮಾನಿಸಿದೆ, ವಕೀಲೆಯ ಗುಮಾಸ್ತನನ್ನು ಅನುಮಾನಿಸಿದೆ, ಇಂಚರಾಳ ಪ್ಲೇಸ್ಕೂಲಿನ ಟೀಚರಮ್ಮನ ಹಿಂದೆ ಎರಡು ದಿನ ಅಲೆದೆ. ಕೊನೆಗೆ ಬಾಯಿ ಬಿಟ್ಟದ್ದು ಮನುಷ್ಯರೇ ಅಲ್ಲ, ಒಂದು ಫೋಟೋ ಎಂದು ನಿನ್ನೆ ಗೊತ್ತಾಯಿತು.

ಆ ಫೋಟೋವನ್ನು ನಾನು ಮೊಬೈಲಿನಲ್ಲಿ ತೆರೆದು ವಸಂತಿಯವರ ಮುಂದೆ ಹಿಡಿದೆ.

“ಇದನ್ನ ನೋಡ್ರಿ ಅಕ್ಕಾರ.”

ಎಷ್ಟು ಬಿಗಿಹಿಡಿದರೂ ಅವರ ಮುಖ ಅರಳಿಬಿಟ್ಟಿತು. “ನಮ್ಮ ಇಂಚು! ಅಷ್ಟಮಿಯದ್ದು.”

ಮೈತುಂಬ ನೀಲಿ ಬಣ್ಣ, ತಲೆಗೆ ಕಿರೀಟ, ನವಿಲುಗರಿ, ಎದುರಿಗೆ ಬೆಣ್ಣೆಯ ಮಡಕೆ. ಮುದ್ದುಕೃಷ್ಣ. ಹಿಂದೆ ಕಿಟಕಿ ಕಾಣಬಾರದೆಂದು ಶ್ರಾವ್ಯಾ ಬೆಡ್‌ಶೀಟ್ ಕಟ್ಟಿದ್ದಳು. ಕಿಟಕಿಯಿಂದ ಹೊರಗಿನ ಬೋರ್ಡು ಕಂಡೀತು, ಬೋರ್ಡಿನಿಂದ ಜಾಗ ತಿಳಿದೀತು ಎಂಬಷ್ಟು ಎಚ್ಚರ ಅವಳಿಗಿತ್ತು. ಹಳೆಯ ನಂಬರು ಬಿಟ್ಟಿದ್ದಳು, ಫೇಸ್‌ಬುಕ್ಕು ಮುಚ್ಚಿದ್ದಳು. ಎಲ್ಲ ಬಾಗಿಲಿಗೂ ಬೀಗ ಜಡಿದು ಬೀಗದ ಕೈಯನ್ನು ಹೊಸ್ತಿಲ ಮೇಲೆ ಬಿಟ್ಟಿದ್ದಳೆಂದು ಅವಳಿಗಾದರೂ ಹೇಗೆ ಗೊತ್ತಾಗಬೇಕು?

“ಇದನ್ನ ಹಿತೇಶನ ವಕೀಲರು ಕೋರ್ಟಿಗೆ ಹಾಕ್ಯಾರ್ರಿ. ‘ಮಗು ಎಂಥಾ ಗೂಡಿನ್ಯಾಗ ಐತಿ ನೋಡ್ರಿ’ ಅಂತ ವಿಳಾಸ ಸಮೇತ ಬರದಾರ.”

ವಸಂತಿಯವರ ಮುಖದ ನಗು ಮಾಯವಾಯಿತು. “ಅವರಿಗೆ ಹೇಗೆ ಸಿಕ್ಕಿತು?”

“ಅದನ್ನ ಕೇಳಾಕ ಬಂದೇನಿ.”

ಕಿಟಕಿಯಾಚೆ ಪಕ್ಕದ ಖೋಲಿಯ ಇಂದ್ರಾಬಾಯಿ ಒಂದೇ ಚಾದರವನ್ನು ಬಿಚ್ಚಿ ಬಿಚ್ಚಿ ಮಡಚುತ್ತಿದ್ದಳು. ನಾನು ಎದ್ದು ಕಿಟಕಿ ಮುಚ್ಚಿದೆ. ಚಾಳಿನಲ್ಲಿ ಗೋಡೆಗೆ ಕಿವಿಯಷ್ಟೇ ಅಲ್ಲ, ಬಾಯಿಯೂ ಇರುತ್ತದೆ.

“ಮೊಬೈಲಿನ್ಯಾಗ ಫೋಟೋ ಹೊಡದ್ರ ಬರೇ ಮುಖ ಅಷ್ಟ ಬರೂದಿಲ್ಲರಿ,” ಎಂದು ವಸಂತಿಯವರಿಗೆ ಬಿಡಿಸಿ ಹೇಳಿದೆ. “ಯಾವ ಜಾಗಾದಾಗ ನಿಂತು ಹೊಡದ್ರಿ, ಯಾವಾಗ ಹೊಡದ್ರಿ, ಅದೂ ಫೋಟೋದ ಹೊಟ್ಟಿಯೊಳಗ ಕುಂದರತೈತಿ. ಕ್ಯಾಮೆರಾದ ಲೊಕೇಶನ್ ಬಂದ್ ಮಾಡಿದ್ರ ಕುಂದರೂದಿಲ್ಲ. ಶ್ರಾವ್ಯಾ ಅದೊಂದು ಬಂದ್ ಮಾಡಿದ್ದಿಲ್ಲ. ಆದ್ರ ವಾಟ್ಸಾಪಿನ್ಯಾಗ ಸಾದಾ ಫೋಟೋ ಕಳಿಸಿದ್ರ ಅದೆಲ್ಲಾ ಉದುರಿ ಹೋಗತೈತಿ. ಡಾಕ್ಯುಮೆಂಟ್ ಅಂತ ಕಳಿಸಿದ್ರ ಮಾತ್ರ ಒಳಗಿಂದೆಲ್ಲಾ ಹಂಗ ಹೋಗತೈತಿ, ವಿಳಾಸ ಸಮೇತ.”

ಕೋರ್ಟಿನ ಕಡತದೊಂದಿಗೆ ವಕೀಲೆಗೆ ಬಂದ ಫೈಲನ್ನು ನಾನು ಮೊದಲು ನೋಡಿದ್ದು ಹೆಸರಿಗಾಗಿ. ಸಾದಾ ಫೋಟೋ ಇಳಿಸಿಕೊಂಡಾಗ ಹೆಸರಿನಲ್ಲಿ ವಾಟ್ಸಾಪು ತಾನಾಗಿ ಸೇರಿಸುವ ‘ಡಬ್ಲ್ಯುಎ’ ಎಂಬ ಎರಡಕ್ಷರ ಅದರಲ್ಲಿರಲಿಲ್ಲ. ಕ್ಯಾಮೆರಾ ಇಟ್ಟ ಹೆಸರು ಹಾಗೆಯೇ ಇತ್ತು. ವಿವರ ತೆರೆದರೆ ನಕ್ಷೆ, ನಕ್ಷೆಯ ಮೇಲೆ ಚುಕ್ಕೆ, ಚುಕ್ಕೆಯ ಅಡಿಯಲ್ಲಿ ವಡಾಲದ ಆ ಬಿಲ್ಡಿಂಗು. ಬಿಲ್ಡಿಂಗ್ ಸಿಕ್ಕ ಮೇಲೆ ಮಾಳಿಗೆ ಯಾವುದೆಂದು ಹೇಳಲು ಕೆಳಗೆ ವಾಚ್‌ಮನ್ ಇದ್ದೇ ಇದ್ದಾನೆ.

“ಫ್ಯಾಮಿಲಿ ಗ್ರೂಪಿಗೆ ನಾನು ಸಾದಾ ಫೋಟೋ ಹಾಕಿದ್ದು,” ಎಂದಳು ಶ್ರಾವ್ಯಾ. ಖೋಲಿಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು. “ಡಾಕ್ಯುಮೆಂಟ್ ಮಾಡಿ ಕಳಿಸಿದ್ದು ಓನ್ಲಿ ನಿಮಗೆ, ಚಿಕ್ಕಮ್ಮ. ನೀವೇ ಕೇಳಿದ್ರಿ. ದೊಡ್ಡದು ಮಾಡಿ ಫ್ರೇಮ್ ಹಾಕಿಸ್ತೇನೆ, ದೇವರ ಹತ್ತಿರ ಇಡ್ತೇನೆ ಅಂತ.”

ನಾನು ಗೋಡೆಯ ಪಟಗಳ ಕಡೆ ನೋಡಿದೆ. ಕಟೀಲಮ್ಮ ಇದ್ದಳು, ಉಡುಪಿಯ ಕೃಷ್ಣ ಇದ್ದ, ಪ್ಲಾಸ್ಟಿಕ್ ಹಾರ ಹಾಕಿಸಿಕೊಂಡ ವಸಂತಿಯವರ ಗಂಡ ಇದ್ದರು. ಮುದ್ದುಕೃಷ್ಣ ಮಾತ್ರ ಎಲ್ಲೂ ಇರಲಿಲ್ಲ.

“ಫ್ರೇಮ್ ಎಲ್ಲೈತ್ರಿ ಅಕ್ಕಾರ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಮಾಡಿದವರು ದೊಡ್ಡವರು. ವಸಂತಿಯವರ ಕೈ ದಿಂಬಿನ ಅಡಿಗೆ, ಅಲ್ಲಿದ್ದ ಮೊಬೈಲಿಗೆ ಹೋಯಿತು.

ಶ್ರಾವ್ಯಾ ಅದನ್ನು ನೋಡಿಬಿಟ್ಟಳು. ಅಷ್ಟು ಹೊತ್ತು ತಡೆದುಕೊಂಡಿದ್ದವಳು ಒಮ್ಮೆಲೇ ಒಡೆದುಹೋದಳು.

“ದಾಯೆ ಇಂಚ ಮಲ್ತರ್?”

ನನ್ನ ಮುಂದೆ ಇಬ್ಬರೂ ಕನ್ನಡವೇ ಆಡುತ್ತಿದ್ದರು. ಈ ಒಂದು ಮಾತು ತುಳುವಿನಲ್ಲಿ ಬಂತು. ಯಾಕೆ ಹೀಗೆ ಮಾಡಿದಿರಿ ಎಂಬುದನ್ನು ಯಾವ ಭಾಷೆಯಲ್ಲಿ ಕೇಳಿದರೂ ಅರ್ಥವಾಗುತ್ತದೆ.

ವಸಂತಿಯವರು ಸೆರಗನ್ನು ಬಾಯಿಗೊತ್ತಿಕೊಂಡರು. “ಸ್ಪರ್ಧೆಗೆ ಕಳಿಸಿದ್ದು ಮಗಾ. ಮುದ್ದುಕೃಷ್ಣ ಸ್ಪರ್ಧೆ. ಹಿತೇಶನಿಗಲ್ಲ. ಅವನ ಹೆಸರು ಹೇಳಿದ್ರೆ ನನ್ನ ನಾಲಿಗೆಗೆ ಹುಳ ಬೀಳಲಿ.”

“ಸ್ಪರ್ಧೆ?”

“ಫೋನಲ್ಲಿ ಬಂದಿತ್ತು. ಫಸ್ಟ್ ಬಂದವರ ಫೋಟೋ ದೊಡ್ಡದಾಗಿ ಪ್ರಿಂಟ್ ಮಾಡ್ತಾರೆ ಅಂತ ಇತ್ತು. ನಿನ್ನತ್ರ ಕೇಳಿದ್ರೆ ಬೇಡ ಅಂತಿ. ಹಾಗೆ ಫ್ರೇಮಿಗೆ ಅಂತ ಸುಳ್ಳು ಹೇಳಿದೆ. ಮುಖಕ್ಕೆಲ್ಲ ನೀಲಿ ಬಣ್ಣ ಉಂಟು, ಹೆಸರು ಹಾಕಲಿಲ್ಲ, ನಿನ್ನ ಹೆಸರೂ ಹಾಕಲಿಲ್ಲ. ದೃಷ್ಟಿಗೆ ಅಂತ ಕೆನ್ನೆಯಲ್ಲಿ ಬೊಟ್ಟು ಬೇರೆ ಇಟ್ಟಿದ್ದಿ. ಯಾರಿಗೆ ಎಂತ ಗೊತ್ತಾಗ್ತದೆ ಅಂತ ಗ್ರಹಿಸಿದೆ.”

“ನಾನು ಬೇಡ ಅಂತೇನೆ ಅಂತ ಗೊತ್ತಿದ್ದೂ ಕಳಿಸಿದ್ರಲ್ಲ!”

“ಎಂಟು ತಿಂಗಳು ಮಗುವನ್ನು ಮುಟ್ಟಲಿಕ್ಕಿಲ್ಲ. ಮನೆ ಎಲ್ಲಿ ಅಂತ ಕೇಳಲಿಕ್ಕಿಲ್ಲ. ಆ ಬಾಲೆಯ ಫೋಟೋ ಒಂದು ಕಡೆ ಬರಲಿ, ನಾಲ್ಕು ಜನ ನೋಡಿ ಚಂದ ಉಂಟು ಅಂತ ಹೇಳಲಿ ಅಂತ ನನಗೆ ಆಸೆ ಆಗಬಾರದಾ ಮಾರಾಯ್ತಿ?”

ಶ್ರಾವ್ಯಾ ಚಿಕ್ಕಮ್ಮನ ಕಡೆ ತಿರುಗಿ ಕೂತಳು. “ಹಿತೇಶ್ ನನ್ನ ದುಶ್ಮನ್ ಅಂತ ಗೊತ್ತಿತ್ತು, ಅವನಿಗೆ ಬಾಗಿಲು ಹಾಕಿದೆ. ನಿಮಗೂ ಬಾಗಿಲು ಹಾಕ್ಬೇಕು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ ಚಿಕ್ಕಮ್ಮ. ಇನ್ನು ಇಂಚುವನ್ನು ನೀವು ಕೇಳ್ಬೇಡಿ.”

ವಸಂತಿಯವರು ಎದ್ದು ಹೋಗಿ ಕೋಣೆಯ ಮೂಲೆಯ ಮೋರಿಯ ಹತ್ತಿರ ನಿಂತು ಸುಮ್ಮನೆ ನಲ್ಲಿ ತಿರುಗಿಸಿದರು. ಆ ಹೊತ್ತಿನಲ್ಲಿ ಚಾಳಿಗೆ ನೀರು ಬರುವುದಿಲ್ಲ.

ನಾನು ದಿಂಬಿನ ಅಡಿಯಿಂದ ಮೊಬೈಲು ತೆಗೆದು ಅವರಿಗೇ ಕೊಟ್ಟು, “ಆ ಸ್ಪರ್ಧಾದ್ದು ಏನ ಬಂದಿತ್ತು ತೋರಿಸ್ರಿ” ಎಂದೆ.

ಹುಡುಕಿ ತೆಗೆದರು. ಕೊಳಲು, ನವಿಲುಗರಿ, ಬೆಣ್ಣೆಯ ಮಡಕೆ ಎಲ್ಲ ಇದ್ದ ಚಂದದ ಪೋಸ್ಟರು. ‘ಮುಂಬಯಿ ಮುದ್ದುಕೃಷ್ಣ ಫೋಟೋ ಸ್ಪರ್ಧೆ’ ಎಂದು ಮೇಲೆ, ಕಳಿಸಬೇಕಾದ ನಂಬರು ಕೆಳಗೆ. ಅದನ್ನು ನೋಡುತ್ತಾ ನೋಡುತ್ತಾ ಏನೋ ಕೊರತೆಯಿದೆ ಅನ್ನಿಸಿತು. ಊಟದಲ್ಲಿ ಉಪ್ಪಿಲ್ಲದಿದ್ದರೆ ಹೇಗೆ ನಾಲಿಗೆಗೆ ತಕ್ಷಣ ತಿಳಿಯುತ್ತದೋ ಹಾಗೆ.

ಆಮೇಲೆ ಹೊಳೆಯಿತು. ಅಧ್ಯಕ್ಷರ ಫೋಟೋ ಇರಲಿಲ್ಲ.

ಮುಂಬಯಿಯಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ನಮ್ಮವರ ಯಾವ ಸಂಘದ ಯಾವ ಪೋಸ್ಟರಾದರೂ ಅಧ್ಯಕ್ಷರ ಫೋಟೋ ಇಲ್ಲದೆ ಹೊರಬಿದ್ದದ್ದನ್ನು ನಾನು ಕಂಡಿಲ್ಲ. ದೇವರು ಮೂಲೆಗೆ ಸರಿದರೂ ಅಧ್ಯಕ್ಷರು ಸರಿಯುವುದಿಲ್ಲ. ಅವರ ಬೆನ್ನಿಗೆ ಗೌರವಾಧ್ಯಕ್ಷರು, ಕೋಶಾಧಿಕಾರಿ, ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ, ಸಾಲಾಗಿ ದುಂಡು ದುಂಡು ಮುಖಗಳು. ಈ ಪೋಸ್ಟರಿನಲ್ಲಿ ಒಂದು ಮುಖವೂ ಇರಲಿಲ್ಲ, ಸಂಘದ ಹೆಸರೇ ಇರಲಿಲ್ಲ. ಇಂಥ ಸ್ಪರ್ಧೆಯನ್ನು ನಡೆಸುವವರು ಯಾರೂ ಇಲ್ಲ.

ನಿಯಮಗಳನ್ನು ಓದಿದೆ. ‘ಫೋಟೋ ಈ ವರ್ಷದ್ದೇ ಆಗಿರಬೇಕು. ಮಗು ವಾಸವಾಗಿರುವ ಮನೆಯಲ್ಲೇ ತೆಗೆದಿರಬೇಕು. ಸ್ಟುಡಿಯೋ ಫೋಟೋ ಸ್ವೀಕರಿಸುವುದಿಲ್ಲ.’

ಮಗು ವಾಸವಾಗಿರುವ ಮನೆಯಲ್ಲೇ! ನನಗೆ ಮೈಯೆಲ್ಲ ಉರಿಯಿತು.

ಆ ನಂಬರಿನೊಂದಿಗೆ ವಸಂತಿಯವರು ಆಡಿದ ಮಾತುಗಳನ್ನೂ ತೆರೆದೆ. ಅವರು ಮೊದಲು ಕಳಿಸಿದ್ದು ಗ್ರೂಪಿನ ಸಾದಾ ಫೋಟೋವನ್ನೇ. ತಕ್ಷಣ ಉತ್ತರ ಬಂದಿತ್ತು: ‘ಅಮ್ಮಾ, ಕ್ಲಿಯರ್ ಇಲ್ಲ. ಮಗುವಿನ ತಾಯಿಯಿಂದ ಒರಿಜಿನಲ್ ತರಿಸಿ. ಡಾಕ್ಯುಮೆಂಟ್ ಮಾಡಿ ಕಳಿಸಲು ಹೇಳಿ.’ ಹೇಗೆ ಕಳಿಸುವುದೆಂದು ಹಂತ ಹಂತವಾಗಿ ಬಿಡಿಸಿಯೂ ಹೇಳಿದ್ದ, ಪುಣ್ಯಾತ್ಮ. ಫೋಟೋ ಕೈಸೇರಿದ ಮೇಲೆ ಕೈಮುಗಿದ ಗುರುತೊಂದನ್ನು ಹಾಕಿ ಸುಮ್ಮನಾಗಿದ್ದ. ಫಲಿತಾಂಶ ಯಾವಾಗ ಎಂದು ವಸಂತಿಯವರು ಮತ್ತೆ ಮತ್ತೆ ಕೇಳಿದ್ದಕ್ಕೆ ಉತ್ತರವೇ ಇರಲಿಲ್ಲ. ನಾನು ಆ ನಂಬರಿಗೆ ಕರೆ ಮಾಡಿದೆ. ಬಂದ್ ಆಗಿತ್ತು.

“ಇದು ಸ್ಪರ್ಧಾ ಅಲ್ಲರಿ ಅಕ್ಕಾರ, ಜಾಲ. ನಿಮಗಂತನ ಬೀಸಿದ ಜಾಲ,” ಎಂದೆ. “ಹಿತೇಶಗ ಕನ್ನಡ ಓದಾಕ ಬರೂದಿಲ್ಲ. ನಿಮಗ ಇಂಚರಾನ ಫೋಟೋ ಅಂದ್ರ ಎಷ್ಟ ಆಸೆ ಅಂತ ಅವಂಗೇನ ಗೊತ್ತು? ಮನಿಯೊಳಗಿನವರ ಯಾರೋ ಅದಾರ. ನಿಮಗ ಈ ಪೋಸ್ಟರ್ ಕೊಟ್ಟವರ ಯಾರು?”

ವಸಂತಿಯವರು ಈಗ ಮೊದಲ ಬಾರಿಗೆ ಶ್ರಾವ್ಯಾಳ ಮುಖ ನೋಡಿದರು. ಆ ನೋಟದಲ್ಲಿ ತಪ್ಪಿತಸ್ಥರ ಅಂಜಿಕೆ ಇರಲಿಲ್ಲ. ಅವಳ ಮೇಲಿನ ಮರುಕ ಇತ್ತು.

“ಅದೆಲ್ಲ ಯಾಕೆ ಮೇಡಂ. ತಪ್ಪು ನನ್ನದು ಅಂತ ಹೇಳಿದೆನಲ್ಲ. ನನ್ನ ಮೇಲೆಯೇ ಇರಲಿ.”

“ಹೆಸರು ಹೇಳ್ರಿ.”

“ಹೇಳಿದ್ರೆ ಮನೆ ಒಡೀತದೆ.”

“ಮನಿ ಆಗಲೇ ಒಡದೈತ್ರಿ. ಯಾರ ಕಲ್ಲು ಹೊಡದ್ರು ಅಂತ ಅಷ್ಟ ಕೇಳಾಕತ್ತೇನಿ.”

ಅವರು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು, ಇನ್ನೊಬ್ಬರ ಹೆಸರು ತೆರೆದು, ಮೇಲಕ್ಕೆ ಮೇಲಕ್ಕೆ ಸರಿಸಿ ಶ್ರಾವ್ಯಾಳ ಮುಂದೆ ಹಿಡಿದರು. ಅದೇ ಪೋಸ್ಟರು. ಅದರ ಕೆಳಗೆ ಎರಡೇ ಸಾಲು: ‘ಚಿಕ್ಕಮ್ಮ, ಇಂಚುವಿನದ್ದು ನೀವೇ ಕಳಿಸಿ. ನಾನು ಹೇಳಿದ್ದು ಅಂತ ಶ್ರಾವ್ಯಾನಿಗೆ ಹೇಳ್ಬೇಡಿ, ಗೆದ್ದರೆ ಸರ್‌ಪ್ರೈಸ್ ಮಾಡುವ.’

ಮೇಲೆ ಹೆಸರು: ಧನು.

ಧನರಾಜ್. ಅಂಧೇರಿಯ ಹೋಟೆಲಿನ ಧನರಾಜ್. ಶ್ರಾವ್ಯಾಳ ಒಡಹುಟ್ಟಿದ ಅಣ್ಣ. ಇಲ್ಲಿಂದ ಮುಂದೆ ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ.

“ಶ್ರೇಯಾನ ಸಂಬಂಧ ಗಟ್ಟಿಯಾಗ್ತಾ ಉಂಟಲ್ಲ,” ಎಂದರು ವಸಂತಿ ಮೆಲ್ಲಗೆ. ಶ್ರೇಯಾ ಧನರಾಜನ ಮಗಳು. “ಹುಡುಗನ ಕಡೆಯವರು ನಿನ್ನ ವಿಷಯ ತೆಗೀತಾರಂತೆ. ಹುಡುಗಿಯ ಸೋದರತ್ತೆ ಗಂಡನನ್ನು ಬಿಟ್ಟು ಕೂತಿದ್ದಾಳಂತಲ್ಲ, ಕೋರ್ಟು ಹತ್ತಿದ್ದಾಳಂತಲ್ಲ ಅಂತ. ನಿಶ್ಚಿತಾರ್ಥದೊಳಗೆ ಎಲ್ಲ ಸರಿಯಾಗ್ತದೆ ಅಂತ ಧನು ಮಾತು ಕೊಟ್ಟಿದ್ದಾನೆ. ಆದ್ರೆ ಅವನು ಹೀಗೆ ಮಾಡಿಯಾನು ಅಂತ ನಾನು ಗ್ರಹಿಸಲಿಲ್ಲ ಮಗಾ. ನನಗೆ ಅದು ಬರೇ ಸ್ಪರ್ಧೆ.”

ಶ್ರಾವ್ಯಾ ಆ ಎರಡು ಸಾಲುಗಳನ್ನು ಓದುತ್ತಲೇ ಇದ್ದಳು. ಅವಳಿಗೆ ಕನ್ನಡ ಓದುವುದು ನಿಧಾನ. ಅಕ್ಷರ ಅಕ್ಷರ ಜೋಡಿಸಿ ಓದಬೇಕು. ಓದಿದ್ದು ತಪ್ಪಿರಬಹುದೇ ಎಂದು ಮತ್ತೆ ಮತ್ತೆ ಓದುತ್ತಿದ್ದಳು.

“ನಿನ್ನೆ ಅಣ್ಣ ಅತ್ತದ್ದು?” ಎಂದು ನನ್ನನ್ನು ಕೇಳಿದಳು. “ಮೇಡಂ, ಅದು ಎಂತ ಹಾಗಾದ್ರೆ?”

ನಿನ್ನೆ ವಡಾಲದ ಮನೆ ಖಾಲಿ ಮಾಡಿಸುವಾಗ ಕಾರು ತಂದವನು ಧನರಾಜ್. “ಚಿಕ್ಕಮ್ಮ ಹೀಗೆ ಮಾಡಿದರಲ್ಲ” ಎಂದು ನನ್ನೆದುರೇ ಕಣ್ಣೊರೆಸಿಕೊಂಡಿದ್ದ. “ನನ್ನ ತಂಗಿ ನನ್ನ ಮನೆಯಲ್ಲಿ ಇರಲಿ ಮೇಡಂ, ಹೇಗೆ ಬರ್ತಾನೆ ನೋಡುವ” ಎಂದು ಎದೆ ತಟ್ಟಿಕೊಂಡಿದ್ದ. ನಾನು ನಂಬಿದೆ. ಎಂಟು ತಿಂಗಳು ಯಾರಿಗೂ ವಿಳಾಸ ಕೊಡಬೇಡ ಎಂದು ಆ ಹುಡುಗಿಗೆ ಪಾಠ ಹೇಳಿದ ನಾನೇ, ಅವಳನ್ನೂ ಮಗುವನ್ನೂ ಕೈಯಾರೆ ಅವನ ಮನೆಗೆ ಮುಟ್ಟಿಸಿ ಬಂದೆ. ಬೇಲಿ ಎದ್ದು ಹೊಲ ಮೇಯಲು ಹೊರಟಾಗ ಗೇಟು ತೆಗೆದುಕೊಟ್ಟವಳು ನಾನು. ಸಿಟ್ಟು ಧನರಾಜನ ಮೇಲೆ ಎಷ್ಟಿತ್ತೋ ನನ್ನ ಮೇಲೂ ಅಷ್ಟೇ ಇತ್ತು.

ಇವತ್ತು ಬೆಳಿಗ್ಗೆ ಕುರ್ಲಾಕ್ಕೆ ಹೊರಡುವಾಗ ಅವನೇ ಹೇಳಿದ್ದ: “ಇಂಚು ಇಲ್ಲೇ ಇರಲಿ. ಅಲ್ಲಿ ದೊಡ್ಡವರ ಜಗಳ ಮಗು ಯಾಕೆ ನೋಡ್ಬೇಕು?”

ಎಷ್ಟು ತಿಳಿವಳಿಕೆಯ ಮಾತು ಎಂದು ನಾನು ತಲೆಯಾಡಿಸಿದ್ದೆ.

ನನಗೆ ನೆನಪಾದದ್ದು ಶ್ರಾವ್ಯಾಳಿಗೂ ಅದೇ ಹೊತ್ತಿಗೆ ನೆನಪಾಗಿರಬೇಕು. ಅವಳು ಎರಡು ಸಲ ತಪ್ಪು ನಂಬರು ಒತ್ತಿದಳು. ವಸಂತಿಯವರು ತಮ್ಮದೇ ಮೊಬೈಲಿನಿಂದ ಧನರಾಜನಿಗೆ ಕರೆ ಹಚ್ಚಿ, ಸ್ಪೀಕರ್ ಹಾಕಿ ಮಂಚದ ಮೇಲಿಟ್ಟರು. ಹೋಟೆಲಿನ ಗದ್ದಲ ಕೇಳಿಸಲಿಲ್ಲ. ಮನೆಯಲ್ಲೇ ಇದ್ದ.

“ಚಿಕ್ಕಮ್ಮಾ, ಹೇಳಿ.”

“ಅಣ್ಣ, ಇಂಚುವಿಗೆ ಫೋನ್ ಕೊಡು.” ಶ್ರಾವ್ಯಾಳ ದನಿ ಆಶ್ಚರ್ಯವೆನಿಸುವಷ್ಟು ಸ್ಥಿರವಾಗಿತ್ತು.

“ನೀನು ಗಾಬರಿ ಆಗ್ಬಾರದು. ಮೊದಲು ನಾನು ಹೇಳುವುದನ್ನು ಪೂರ್ತಿ ಕೇಳು.”

“ಫೋನ್ ಕೊಡು ಅಣ್ಣ.”

“ಹಿತೇಶ್ ಬಂದಿದ್ದ. ನನ್ನ ಕಾಲು ಹಿಡಿದ, ಗೊತ್ತುಂಟಾ? ಇನ್ನು ಕೈ ಎತ್ತುವುದಿಲ್ಲ ಅಂತ ದೇವರ ಮುಂದೆ ದೀಪ ಮುಟ್ಟಿ ಹೇಳಿದ. ಸಂಜೆ ನೀನು ಬಂದ ಮೇಲೆ ಎಲ್ಲರೂ ಕೂತು ಮಾತಾಡುವ ಅಂತ ಒಪ್ಪಿದ್ದಾನೆ. ಅಪ್ಪ ಮಗಳು ಒಂದು ರೌಂಡ್ ಹೋಗಿದ್ದಾರೆ, ಅಷ್ಟೇ. ಅವಳ ಅಪ್ಪ ಅಲ್ವಾ ಅವನು? ಕೊಡುವುದಿಲ್ಲ ಅಂತ ನಾನು ಹೇಗೆ ಹೇಳುವುದು?”

ವಸಂತಿಯವರು ಶ್ರಾವ್ಯಾಳ ಕೈ ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ.

ನಾನು ಫೋನಿನ ಹತ್ತಿರ ಬಗ್ಗಿದೆ. “ಧನರಾಜ್, ನಾನು ವೈಶಾಲಿ. ಯಾವಾಗ ಹೋದ್ರು?”

“ನೀವು ಆಚೆ ಹೋದ ಸ್ವಲ್ಪ ಹೊತ್ತಿಗೇ ಮೇಡಂ. ನೀವು ಸುಮ್ಮನೆ ಪೊಲೀಸು ಗಿಲೀಸು ಅಂತ ಮಾಡ್ಬೇಡಿ. ಅವನು ಮಗುವನ್ನು ಎಷ್ಟು ಚಂದ ನೋಡಿಕೊಳ್ತಾನೆ ಗೊತ್ತುಂಟಾ? ಎಸಿಯಲ್ಲಿ ಚಳಿ ಆಗ್ತದೆ ಅಂತ ಅವನೇ ನೆನಪು ಮಾಡಿ ಸ್ವೆಟರ್ ಕೇಳಿ ತಗೊಂಡ.”

“ಎಸಿ? ಎಲ್ಲಿಗಿ ಕರಕೊಂಡ ಹೋಗ್ಯಾನ?”

“ದೂರ ಎಂತ ಇಲ್ಲ, ಇಲ್ಲೇ ನಮ್ಮ ಅಂಧೇರಿಯಲ್ಲೇ,” ಎಂದ ಧನರಾಜ್, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. “ಮಗುವಿಗೆ ಹತ್ತಿರದಿಂದ ವಿಮಾನ ತೋರಿಸ್ತೇನೆ ಅಂತ ಹೇಳಿದ.”